ಕೊಳವೆಯ ಬಾಯಿ

ಹಿತ್ತಿಲಿನ ಗಿಡಗಳಿಗೆ ನೀರು ಹಾಯಿಸುವುದಕ್ಕೆಂದು ಪೇಟೆಯಿಂದ ರಬ್ಬರು ಕೊಳವೆಯೊಂದನ್ನು ತಂದ ಗೃಹಸ್ಥನಿಗೆ ಮೊದಲು ಎದುರಾಗುವ ವಿಘ್ನವೆಂದರೆ, ಕೊಳವೆಯ ಬಾಯಿ ನಲ್ಲಿಯ ಮೂತಿಗೆ ಹೊಂದದೆ ಹೋಗುವುದು. ನಲ್ಲಿ ಸಣ್ಣದು, ಕೊಳವೆ ದೊಡ್ಡದು. ಇಲ್ಲವೆ ಕೊಳವೆ ಸಣ್ಣದು, ನಲ್ಲಿ ದೊಡ್ಡದು. ಆಗ ಹಳೆಯ ಪಂಚೆಯ ಅಂಚೊಂದು ಹರಿದು ಬರುತ್ತದೆ, ಅಥವಾ ಸೈಕಲ್ಲಿನ ಟ್ಯೂಬಿನ ಚೂರೊಂದು ಹೊರಬೀಳುತ್ತದೆ. ಅದನ್ನು ಸಂದಿಗೆ ಸುತ್ತಿ, ಸುತಳಿಯಿಂದ ಬಿಗಿದು, ನಲ್ಲಿಯನ್ನು ತಿರುಗಿಸಿದರೆ, ನೀರಿನಲ್ಲಿ ಮುಕ್ಕಾಲು ಪಾಲು ಗಿಡಕ್ಕೂ ಕಾಲು ಪಾಲು ಕಟ್ಟಿದವನ ಮೈಮೇಲೂ ಹೋಗುತ್ತದೆ. ಇದನ್ನು ಯಾರೂ ದೊಡ್ಡ ನಷ್ಟವೆಂದು ಎಣಿಸುವುದಿಲ್ಲ. ಆದರೆ ಇದೇ ಬಟ್ಟೆ ಸುತ್ತುವ ಕೆಲಸವನ್ನು ೧೯೦೪ನೆಯ ಇಸವಿಯ ಫೆಬ್ರವರಿ ತಿಂಗಳಿನಲ್ಲಿ, ಅಮೆರಿಕದ ಒಂದು ಮಹಾನಗರದ ಬೀದಿಗಳಲ್ಲಿ, ಸುತ್ತಲೂ ಕಟ್ಟಡಗಳು ಹೊತ್ತಿ ಉರಿಯುತ್ತಿರುವಾಗ, ಬೆಂಕಿ ಆರಿಸುವುದರಲ್ಲಿಯೇ ಜೀವಮಾನ ಕಳೆದವರು ಮಾಡಬೇಕಾಗಿ ಬಂದಿತು. ಅವರ ಯಂತ್ರಗಳಲ್ಲಿ ದೋಷವಿರಲಿಲ್ಲ. ಬೀದಿಯ ನಲ್ಲಿಗಳಲ್ಲಿ ನೀರಿದ್ದಿತು. ಬಾಯಿ ಮಾತ್ರ ಬಾಯಿಗೆ ಕೂಡಲಿಲ್ಲ.

ಬಾಗುವ ಕೊಳವೆಯ ಮಾತು ಬಂದಾಗ ಜನರ ಲಕ್ಷ್ಯವೆಲ್ಲ ಅದರ ಮೈಯ ಕಡೆಗೆ ಹೋಗುವುದು ಸಹಜ. ಅದು ಏತರಿಂದಾದುದು, ಎಷ್ಟು ಒತ್ತಡವನ್ನು ತಡೆಯುವುದು, ಎಷ್ಟು ವರ್ಷ ಬಾಳುವುದು ಎಂದು ಕೇಳುವವರು ಬಹಳ. ಅದರ ಬಾಯಿಯ ವಿಚಾರವನ್ನು ಕೇಳುವವರು ಕಡಿಮೆ. ಮೈಯನ್ನು ಒಬ್ಬ ಬುದ್ಧಿವಂತನು ತನ್ನ ಕೊಠಡಿಯಲ್ಲಿ ಕುಳಿತು ಸುಧಾರಿಸಬಲ್ಲನು. ಬಾಯಿಯ ಸಂಗತಿ ಹಾಗಲ್ಲ. ಅದು ಬೇರೊಬ್ಬನು, ಬೇರೊಂದು ಊರಿನಲ್ಲಿ, ಬೇರೊಂದು ಕಾಲದಲ್ಲಿ ಮಾಡಿಟ್ಟ ಇನ್ನೊಂದು ಬಾಯಿಯೊಡನೆ ಕೂಡಬೇಕು. ಆದುದರಿಂದಲೇ ಮೈಯ ಸುಧಾರಣೆಗೆ ಬುದ್ಧಿ ಸಾಕಾಯಿತು, ಬಾಯಿಯ ಸುಧಾರಣೆಗೆ ಊರೂರಿನ ಒಪ್ಪಿಗೆ ಬೇಕಾಯಿತು.

ಈ ಕೊಳವೆಯನ್ನು ಬೆಂಕಿಯ ಮೇಲೆ ಮೊದಲು ಪ್ರಯೋಗಿಸಿದ ಕೀರ್ತಿ ಒಬ್ಬ ಚಿತ್ರಕಾರನಿಗೆ ಸಲ್ಲುತ್ತದೆಂಬುದು ಅನೇಕರಿಗೆ ಆಶ್ಚರ್ಯವನ್ನುಂಟುಮಾಡಬಹುದು. ಹಾಲೆಂಡಿನ ಯಾನ್ ವಾನ್ ಡರ್ ಹೈಡನ್ ಎಂಬಾತನು ೧೬೩೭ರಲ್ಲಿ ಹುಟ್ಟಿದವನು; ಪಟ್ಟಣದ ಬೀದಿಗಳನ್ನೂ ಕಾಲುವೆಗಳನ್ನೂ ಇಟ್ಟಿಗೆ ಇಟ್ಟಿಗೆಯಾಗಿ ಬರೆಯುವುದರಲ್ಲಿ ಹೆಸರಾದವನು. ೧೬೫೨ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಹಳೆಯ ಪುರಭವನವು ಸುಟ್ಟು ಬೂದಿಯಾದುದನ್ನು ಹದಿನೈದು ವರ್ಷದ ಹುಡುಗನಾಗಿದ್ದ ಈತನು ಕಣ್ಣಾರೆ ಕಂಡನು. ಅಂದಿನ ಕ್ರಮವೇ ಹಾಗಿದ್ದಿತು. ಜನರು ಸಾಲುಗಟ್ಟಿ ನಿಂತು ಚರ್ಮದ ಬಾಲ್ದಿಗಳಲ್ಲಿ ನೀರನ್ನು ಕೈಯಿಂದ ಕೈಗೆ ದಾಟಿಸಬೇಕು. ಪಂಪುಯಂತ್ರವಿದ್ದರೂ, ಅದು ತೊಟ್ಟಿಯೊಂದರ ಮೇಲೆ ನಿಲ್ಲಿಸಿದ ಗಡುಸಾದ ಲೋಹದ ಮೂತಿಯುಳ್ಳದ್ದು. ಬಾಲ್ದಿಯಿಂದಲೇ ಆ ತೊಟ್ಟಿ ತುಂಬಬೇಕು. ಮೂತಿ ಬಾಗುವಂತಹದಲ್ಲವಾದುದರಿಂದ ಯಂತ್ರವನ್ನೇ ಬೆಂಕಿಯ ಹತ್ತಿರಕ್ಕೆ ನೂಕಿಕೊಂಡು ಹೋಗಬೇಕು. ಅಷ್ಟಾದರೂ ನೀರು ಮನೆಯ ಹೊರಗೋಡೆಯನ್ನು ತೋಯಿಸುತ್ತಿದ್ದಿತೇ ಹೊರತು, ಒಳಗಿನ ಕೋಣೆಯಲ್ಲಿ ಉರಿಯುತ್ತಿರುವ ತೊಲೆಗೆ ತಲುಪುತ್ತಿರಲಿಲ್ಲ. ಗೋಡೆಗೆ ಸ್ನಾನ ಮಾಡಿಸಿ ಒಳಗಿನ ಬೆಂಕಿಯನ್ನು ಆರಿಸುವ ಈ ಪದ್ಧತಿಯನ್ನು ಯೂರೋಪಿನ ಶ್ರೀಮಂತ ಪಟ್ಟಣಗಳು ಬಹುಕಾಲ ನಡೆಯಿಸಿಕೊಂಡು ಬಂದುವು.

ಸುಮಾರು ೧೬೭೨ರಲ್ಲಿ ಯಾನನೂ, ಜಲಯಂತ್ರಗಳಲ್ಲಿ ಪರಿಶ್ರಮವಿದ್ದ ಆತನ ತಮ್ಮನಾದ ನಿಕೋಲಾಸನೂ ಸೇರಿ ಚರ್ಮವನ್ನು ಬೂಟಿನ ಕಾಲಿನಂತೆ ಉದ್ದಕ್ಕೆ ಹೊಲಿದು ಕೊಳವೆಯನ್ನು ಮಾಡಿದರು. ಒಂದೊಂದು ತುಂಡೂ ಸುಮಾರು ಐವತ್ತು ಅಡಿ ಉದ್ದ. ತುದಿಗಳಿಗೆ ಹಿತ್ತಾಳೆಯ ತಿರುಪು ಬಾಯಿಗಳು. ಒಂದು ತುಂಡು ಸಾಲದಿದ್ದರೆ ಇನ್ನೊಂದನ್ನು ತಿರುಗಿಸಿ ಕೂಡಿಸಬಹುದು. ಕಾಲುವೆಯ ದಡದಿಂದ ಬೇರೊಂದು ಕೊಳವೆಯು ಯಂತ್ರಕ್ಕೆ ನೀರು ತರುತ್ತಿದ್ದುದರಿಂದ, ಬೆಂಕಿಯವರೆಗೆ ಬಾಲ್ದಿಯ ಸಾಲನ್ನು ನಿಲ್ಲಿಸುವ ಶ್ರಮವೂ ತಪ್ಪಿತು. ಯಂತ್ರವು ದೂರದಲ್ಲಿ ಕ್ಷೇಮವಾಗಿ ನಿಂತಿರಲು, ಮೂತಿಯನ್ನು ಹಿಡಿದವನು ಮೆಟ್ಟಿಲು ಹತ್ತಿ, ಬಾಗಿಲು ದಾಟಿ, ಬೆಂಕಿಯ ಬುಡಕ್ಕೇ ಹೋಗಿ ನಿಲ್ಲುವುದು ಸಾಧ್ಯವಾಯಿತು. ಡಚ್ಚರ ಭಾಷೆಯಲ್ಲಿ ಈ ಕೊಳವೆಗೂ ಹಾವಿಗೂ ಒಂದೇ ಹೆಸರು. ಅವರು ಆ ಯಂತ್ರವನ್ನು ಹಾವಿನ ಪಿಚಕಾರಿಯೆಂಬ ಅರ್ಥ ಬರುವಂತೆ ಕರೆದರು. ೧೬೯೦ರಲ್ಲಿ ಯಾನನು ಇದನ್ನು ಕುರಿತು ದೊಡ್ಡ ಪುಸ್ತಕವೊಂದನ್ನು ಪ್ರಕಟಿಸಿ, ಹಳೆಯ ಕ್ರಮದಲ್ಲಿ ಬೆಂಕಿ ಆರಿಸುವುದು ಹೇಗೆ, ಹೊಸ ಕ್ರಮದಲ್ಲಿ ಹೇಗೆ ಎಂಬುದನ್ನು ತನ್ನ ಕುಂಚದ ಕೈಯಿಂದಲೇ ಬರೆದು ತೋರಿಸಿದನು. ಉರಿಯುವ ಮನೆಗಳನ್ನು ಅಷ್ಟು ಚೊಕ್ಕವಾಗಿ ಬರೆಯುವುದು ಚಿತ್ರಕಾರನಾಗಿದ್ದವನಿಗಲ್ಲದೆ ಬೇರೆಯವರಿಗೆ ಸಾಧ್ಯವಾಗುತ್ತಿರಲಿಲ್ಲ. ಆ ನಗರದ ಬೀದಿದೀಪಗಳ ಏರ್ಪಾಡನ್ನು ಮಾಡಿದವನೂ ಈತನೇ. ದೀಪದ ಬೆಂಕಿಯನ್ನು ಹಚ್ಚಿಸುವುದೂ ಮನೆಯ ಬೆಂಕಿಯನ್ನು ಆರಿಸುವುದೂ ಒಬ್ಬನ ಕೈಯಲ್ಲಿಯೇ ಇದ್ದಿತೆಂದಾಯಿತು.

ಚರ್ಮದ ಕೊಳವೆಯು ಕನ್ನಡನಾಡಿನ ಒಕ್ಕಲಿಗನಿಗೂ ಅಪರಿಚಿತವಾಗಿರಲಿಲ್ಲ. ಕಪಿಲೆಯ ಬಾವಿಯಲ್ಲಿ ಎತ್ತುಗಳು ಎಳೆಯುತ್ತಿದ್ದ ಚರ್ಮದ ಚೀಲಕ್ಕೆ ಆನೆಯ ಸೊಂಡಿಲಿನಂತಹ ಉದ್ದವಾದ ಬಾಯೊಂದು ಇರುತ್ತಿದ್ದಿತು. ಚೀಲವು ಮೇಲೇರುವಾಗ ಸಣ್ಣ ಹಗ್ಗವೊಂದು ಆ ಸೊಂಡಿಲನ್ನು ಮಡಿಸಿ ಎತ್ತಿ ಹಿಡಿಯುತ್ತಿದ್ದಿತು; ಕಟ್ಟೆಯ ಮಟ್ಟಕ್ಕೆ ಬಂದೊಡನೆ ಸೊಂಡಿಲು ಚಾಚಿಕೊಂಡು ನೀರನ್ನು ಸುರಿಯುತ್ತಿದ್ದಿತು. ಆದರೆ ಅಲ್ಲಿ ನೀರು ತನ್ನ ಭಾರದಿಂದ ತಾನೇ ಇಳಿಯುವುದು. ಚರ್ಮದ ಹೊಲಿಗೆಗೆ ಪರೀಕ್ಷೆಯಿಲ್ಲ. ಪಂಪಿನ ಒತ್ತಡಕ್ಕೆ ಸಿಕ್ಕಿದ ಹೊಲಿಗೆಯ ಗತಿ ಬೇರೆ. ದಾರ ಕೊಳೆಯಿತು, ಹೊಲಿಗೆ ಬಿಚ್ಚಿತು, ಬೆಂಕಿಯ ಎದುರಿನಲ್ಲಿಯೇ ಕೊಳವೆ ಸೀಳಿತು. ೧೮೦೭ರ ಸುಮಾರಿಗೆ ಫಿಲಡೆಲ್ಫಿಯಾದ ಜೇಮ್ಸ್ ಸೆಲ್ಲರ್ಸ್ ಮತ್ತು ಅಬ್ರಹಾಂ ಪೆನ್ನಾಕ್ ಎಂಬವರು ಹೊಲಿಗೆಯನ್ನು ಬಿಟ್ಟು, ಚರ್ಮದ ಅಂಚುಗಳನ್ನು ಲೋಹದ ರಿವೆಟ್ಟುಗಳಿಂದ ಬಡಿದು ಸೇರಿಸಿದರು. ಸೀಳುವುದು ಕಡಿಮೆಯಾಯಿತು, ಭಾರ ಹೆಚ್ಚಿತು. ಬಳಸಿದ ಮೇಲೆ ಅದನ್ನು ಒಣಗಿಸಿ, ಕೊಬ್ಬು ಸವರಿ, ಎಳೆಯ ಮಗುವಿನಂತೆ ನೋಡಿಕೊಳ್ಳಬೇಕಾಗಿದ್ದಿತು.

ಅಲ್ಲಿಂದ ಮುಂದಿನ ಕಥೆ ಬೇಗ ಹೇಳಬಹುದಾದದ್ದು. ೧೮೨೧ರಲ್ಲಿ ಜೇಮ್ಸ್ ಬಾಯ್ಡ್ ಎಂಬಾತನು ಹತ್ತಿಯ ನೇಯ್ಗೆಗೆ ಒಳಗೆ ರಬ್ಬರು ಹಚ್ಚಿದ ಕೊಳವೆಗೆ ಹಕ್ಕುಪತ್ರ ಪಡೆದನು. ಆದರೆ ಹಸಿ ರಬ್ಬರು ಬೇಸಗೆಯಲ್ಲಿ ಅಂಟು, ಚಳಿಯಲ್ಲಿ ಕಟ್ಟಿಗೆ. ಗಂಧಕದೊಡನೆ ಕಾಯಿಸಿ ಅದನ್ನು ಹದಗೊಳಿಸುವ ಉಪಾಯವನ್ನು ಚಾರ್ಲ್ಸ್ ಗುಡ್‌ಇಯರನು ೧೮೩೯ರಲ್ಲಿ ಕಂಡುಕೊಂಡ ಮೇಲೆಯೇ ರಬ್ಬರು ಕೊಳವೆಗೆ ಬೆನ್ನುಮೂಳೆ ಬಂದಿತು. ೧೮೭೦ರಲ್ಲಿ ಆಕ್ರನ್ ಪಟ್ಟಣದಲ್ಲಿ ಗುಡ್‌ರಿಚ್ಚನು ಸ್ಥಾಪಿಸಿದ ರಬ್ಬರು ಕಾರ್ಖಾನೆಯ ಮೊದಲ ಸರಕುಗಳಲ್ಲಿ ಹತ್ತಿಯ ಹೊದಿಕೆಯ ಬೆಂಕಿಗೊಳವೆಯೂ ಒಂದು. ರಬ್ಬರಿಲ್ಲದೆ ಬರಿಯ ಅಗಸೆಯ ನಾರಿನಿಂದ ನೇಯ್ದ ಕೊಳವೆಯೂ ಬಹುಕಾಲ ಬಳಕೆಯಲ್ಲಿದ್ದಿತು. ಅದರ ಗುಣವೊಂದು ಮೆಚ್ಚತಕ್ಕದ್ದು: ನೀರು ತಾಗಿದೊಡನೆ ನಾರು ಊದಿಕೊಂಡು ನೇಯ್ಗೆಯ ಸಂದುಗಳನ್ನು ತಾನೇ ಮುಚ್ಚಿಕೊಳ್ಳುವುದು, ಸ್ವಲ್ಪ ಜಿನುಗಿದರೂ ಆ ತೇವದಿಂದಲೇ ಮೇಲೆ ಬಿದ್ದ ಕಿಡಿ ಆರುವುದು.

ಇಲ್ಲಿ ಇನ್ನೊಂದು ಭೇದವನ್ನು ಹೇಳಿಬಿಡಬೇಕು. ಯಂತ್ರದಿಂದ ಬೆಂಕಿಗೆ ಹೋಗುವ ಕೊಳವೆಯೊಳಗೆ ನೀರು ಹೊರಕ್ಕೆ ಒತ್ತುತ್ತದೆ. ಆದುದರಿಂದ ಅದರ ಮೈ ಬಟ್ಟೆಯಂತೆ ಮೆತ್ತಗಿದ್ದು, ಖಾಲಿಯಾದಾಗ ಚಾಪೆಯಂತೆ ಸುತ್ತಿಡಬಹುದು. ಹೊಳೆಯಿಂದಲೋ ಕೆರೆಯಿಂದಲೋ ಯಂತ್ರಕ್ಕೆ ನೀರು ಹೀರುವ ಕೊಳವೆಯ ಸಂಗತಿ ಇದಕ್ಕೆ ವಿರುದ್ಧ. ಒಳಗೆ ಗಾಳಿ ತೆಳುವಾದಾಗ ಹೊರಗಿನ ವಾಯುಭಾರವು ಅದನ್ನು ಅಪ್ಪಚ್ಚಿಮಾಡಲು ಬರುವುದು. ಅದಕ್ಕಾಗಿ ಅದರ ಮೈಯೊಳಗೆ ತಂತಿಯ ಸುರುಳಿಯನ್ನು ಇಟ್ಟು ಗಡುಸುಮಾಡುತ್ತಾರೆ. ಈ ಹೀರುಗೊಳವೆಯು ಪ್ರತಿಯೊಂದು ಯಂತ್ರಕ್ಕೂ ಅದರದೇ ಆಗಿ, ಅದರೊಡನೆಯೇ ಪ್ರಯಾಣ ಮಾಡುತ್ತದೆ. ಈ ಸಣ್ಣ ಸಂಗತಿ ಮುಂದೆ ಒಂದು ನಗರದ ಉಳಿವಿಗೆ ಒದಗಿ ಬಂದಿತು.

ಕೊಳವೆಯ ತುದಿಯ ಲೋಹದ ಬಾಯಿಗೆ ಕಪ್ಲಿಂಗು ಎಂದು ಹೆಸರು. ವಾನ್ ಡರ್ ಹೈಡನ್ನನ ಕಾಲದಿಂದಲೂ ಇದು ತಿರುಪಿನದೇ. ಒಂದರ ಹೊರಮೈಯಲ್ಲಿ ಸುರುಳಿಯಾದ ಏಣುಗಳು, ಇನ್ನೊಂದರ ಒಳಮೈಯಲ್ಲಿ ಅದಕ್ಕೆ ಸರಿಯಾದ ಗಾಡಿಗಳು. ಕಸಬಿನವರು ಅವನ್ನು ಗಂಡು, ಹೆಣ್ಣು ಎಂದು ಕರೆಯುತ್ತಾರೆ. ಎರಡೂ ಕೂಡಬೇಕಾದರೆ ಬಾಯಿಯ ಅಗಲ ಒಂದೇ ಆಗಿದ್ದರೆ ಸಾಲದು. ಒಂದಂಗುಲದ ಉದ್ದದಲ್ಲಿ ಏಣಿನ ಸುತ್ತುಗಳು ಎಷ್ಟು, ಏಣಿನ ಎತ್ತರವೆಷ್ಟು, ಅದರ ಇಳಿಜಾರು ಎಷ್ಟು ಎಂಬುವೂ ಹೊಂದಬೇಕು. ಒಂದರಲ್ಲಿ ಏಳು ಸುತ್ತು, ಇನ್ನೊಂದರಲ್ಲಿ ಎಂಟು ಸುತ್ತು ಇದ್ದರೆ, ಮೊದಲ ಅರ್ಧ ಸುತ್ತು ಹೋಗಿ ಅಲ್ಲಿಯೇ ಕಚ್ಚಿಕೊಳ್ಳುತ್ತದೆ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಯಂತ್ರಗಳ ತಿರುಪುಗಳಿಗೆಲ್ಲ ಒಂದೇ ಕ್ರಮವಿರಬೇಕೆಂದು ಇಂಗ್ಲೆಂಡಿನಲ್ಲಿ ಜೋಸೆಫ್ ವಿಟ್‌ವರ್ತನು ೧೮೪೧ರಲ್ಲಿಯೇ ಸಾರಿದ್ದನು. ಅಮೆರಿಕದಲ್ಲಿ ವಿಲಿಯಂ ಸೆಲ್ಲರ್ಸನು ೧೮೬೪ರಲ್ಲಿ ಅಂತಹದೇ ಇನ್ನೊಂದು ಕ್ರಮವನ್ನು ಮುಂದಿಟ್ಟನು. ಬೆಂಕಿಗೊಳವೆಯ ಬಾಯಿ ಮಾತ್ರ ಈ ಉಪದೇಶಕ್ಕೆ ಕಿವಿಗೊಡಲಿಲ್ಲ. ಊರಿಗೊಂದು ಅಳತೆ, ಕಾರ್ಖಾನೆಗೊಂದು ಅಳತೆ. ಒಮ್ಮೆ ಒಂದು ಕಾರ್ಖಾನೆಯ ಅಳತೆಗೆ ಊರಿನ ನಲ್ಲಿಗಳನ್ನೆಲ್ಲ ನೆಟ್ಟ ಮೇಲೆ ಆ ಊರು ಮುಂದಿನ ಕೊಳವೆಗಳಿಗೂ ಅದೇ ಕಾರ್ಖಾನೆಯ ಬಾಗಿಲಿಗೆ ಹೋಗಬೇಕು. ಮಾರುವವನಿಗೆ ಇದರಿಂದ ನಷ್ಟವೇನಿದೆ? ಊರಿನವರಿಗೂ ಅದು ತಪ್ಪೆಂದು ತೋರಲಿಲ್ಲ. ತಮ್ಮ ಕೊಳವೆ ತಮ್ಮ ನಲ್ಲಿಗೆ ಹೊಂದುತ್ತಿದ್ದಿತು; ನೆರೆಯೂರಿನ ನಲ್ಲಿಯ ಯೋಚನೆ ತಮಗೇಕೆ?

ಈ ಪ್ರಶ್ನೆಗೆ ಉತ್ತರ ಬಾಲ್ಟಿಮೋರಿನಲ್ಲಿ ಸಿಕ್ಕಿತು. ಅದು ಆಗ ಐದು ಲಕ್ಷ ಜನರಿದ್ದ ಬಂದರು ನಗರ. ೧೯೦೪ನೆಯ ಫೆಬ್ರವರಿ ೭, ಭಾನುವಾರ, ಬೆಳಗ್ಗೆ ಹನ್ನೊಂದು ಗಂಟೆಗೆ ಮುಂಚೆ, ವ್ಯಾಪಾರದ ಕೇರಿಯಲ್ಲಿದ್ದ ಹರ್ಸ್ಟ್ ಕಂಪೆನಿಯ ಜವಳಿ ಮಳಿಗೆಯಲ್ಲಿ ಬೆಂಕಿ ಕಾಣಿಸಿತು. ಅಗ್ನಿಶಾಮಕರು ಬಂದು ತಲುಪಿದ ಸ್ವಲ್ಪ ಹೊತ್ತಿನಲ್ಲಿಯೇ ಕಟ್ಟಡದೊಳಗೆ ಸ್ಫೋಟವಾಗಿ, ಕಿಡಿಗಳು ಸುತ್ತಲಿನ ಮಳಿಗೆಗಳ ಮೇಲೆ ಮಳೆಗರೆದುವು. ಗಾಳಿ ಬಲವಾಗಿ ಬೀಸುತ್ತಿದ್ದಿತು. ಊರಿನ ಯಂತ್ರಗಳೆಲ್ಲ ಸೇರಿದರೂ ಸಾಲದೆಂದು ತಿಳಿದೊಡನೆ ಹೊರಗಿನ ಊರುಗಳಿಗೆ ಸುದ್ದಿ ಹೋಯಿತು. ಸುಮಾರು ನಲವತ್ತು ಮೈಲಿ ದೂರದ ವಾಷಿಂಗ್ಟನ್ ನಗರದವರು ತಮ್ಮ ಉಗಿಯಂತ್ರಗಳನ್ನು ರೈಲಿನ ಮೇಲೇರಿಸಿ ಅಂದಿನ ಮಧ್ಯಾಹ್ನವೇ ಬಂದಿಳಿದರು. ಆಮೇಲೆ ಫಿಲಡೆಲ್ಫಿಯಾ, ವಿಲ್ಮಿಂಗ್ಟನ್, ನ್ಯೂಯಾರ್ಕ್ ಮೊದಲಾದ ಊರುಗಳಿಂದಲೂ ನೆರವು ಬಂದಿತು. ಅಪರಿಚಿತರ ಊರಿನ ಬೆಂಕಿಗೆ ಇಷ್ಟು ಬೇಗ ಇಷ್ಟು ಮಂದಿ ಓಡಿ ಬಂದುದು ಆ ದೇಶದ ಜನರ ಹೃದಯಕ್ಕೆ ಶೋಭೆ ತರುವ ಸಂಗತಿ.

ವಾಷಿಂಗ್ಟನ್ನಿನವರು ಬೀದಿಯ ನಲ್ಲಿಗೆ ಕೊಳವೆಯನ್ನು ತಿರುಗಿಸಿದರು; ಅದು ಹತ್ತಲಿಲ್ಲ. ಒಂದು ಊರಿನವರ ಬಾಯಿ ದೊಡ್ಡದಾಯಿತು, ಇನ್ನೊಂದು ಊರಿನವರದು ಚಿಕ್ಕದಾಯಿತು, ಮತ್ತೊಂದು ಊರಿನವರ ತಿರುಪಿನ ಸುತ್ತೇ ಬೇರೆಯಾಯಿತು. ಬೇರೆ ದಾರಿ ಕಾಣದೆ ಕೊಳವೆಯ ಬಾಯನ್ನು ನಲ್ಲಿಗೆ ಒತ್ತಿ ಹಿಡಿದು ಕ್ಯಾನ್ವಾಸು ಬಟ್ಟೆಯನ್ನು ಸುತ್ತಿ ಬಿಗಿದರು. ಹಿತ್ತಿಲಿನ ಉಪಾಯವೇ. ಆದರೆ ಬೀದಿಯ ದಪ್ಪ ನಲ್ಲಿಯ ನೀರು ಬಟ್ಟೆಯ ಕಟ್ಟಿಗೆ ಬಗ್ಗುವಂತಹದೇ? ಸಂದಿನಿಂದ ಚಿಮ್ಮಿದ ನೀರು ಬೀದಿಯ ಪಾಲಾಗಿ, ಮೂತಿಯಲ್ಲಿ ಬಂದ ಧಾರೆ ಬಡಕಲಾಯಿತು. ಬೆಂಕಿಗೆ ದಾರಿ ಕಡಿಯಬೇಕೆಂದು ಡೈನಮೈಟಿನಿಂದ ಕಟ್ಟಡಗಳನ್ನು ಉರುಳಿಸಲು ಯತ್ನಿಸಿದರು, ಅದೂ ಫಲಿಸಲಿಲ್ಲ.

ಮಾರನೆಯ ದಿನ ಬೆಂಕಿಯು ಜೋನ್ಸ್ ಫಾಲ್ಸ್ ಎಂಬ ಹೊಳೆಯವರೆಗೂ ಬಂದಿತು. ಅಲ್ಲಿ ಯಂತ್ರಗಳನ್ನು ದಡದಗುಂಟ ಸಾಲಾಗಿ ನಿಲ್ಲಿಸಿ, ಹೊಳೆಯ ನೀರನ್ನೇ ಹೀರಿ ಬೆಂಕಿಯ ಮೇಲೆ ಸುರಿದರು. ಅಲ್ಲಿ ಬಾಯಿಯ ಜಗಳವಿರಲಿಲ್ಲ. ಹೀರುಗೊಳವೆ ಯಂತ್ರದ್ದು, ಯಂತ್ರದ ಬಾಯಿ ಅದಕ್ಕೆ ಹೊಂದಿದ್ದು; ಇನ್ನೊಂದು ತುದಿ ಬರಿಯ ನೀರಿನಲ್ಲಿ ಮುಳುಗಿದ್ದು. ಹೊಳೆಗೆ ತಿರುಪಿಲ್ಲವಲ್ಲ! ಬೆಂಕಿಯು ಹೊಳೆಯನ್ನು ದಾಟಿ ಮುಂದುವರಿಯಲಿಲ್ಲ. ಸುಮಾರು ಮೂವತ್ತು ಗಂಟೆಗಳ ಮೇಲೆ ಅದು ಹತೋಟಿಗೆ ಬಂದಾಗ ೧೫೦೦ಕ್ಕೂ ಹೆಚ್ಚು ಕಟ್ಟಡಗಳು, ಸುಮಾರು ೧೪೦ ಎಕರೆಗಳ ವ್ಯಾಪಾರದ ಕೇರಿ ಬೂದಿಯಾಗಿದ್ದುವು. ರಜೆಯ ದಿನವಾದುದರಿಂದ ಪ್ರಾಣಹಾನಿ ಬಹಳ ಕಡಿಮೆ. ಆದರೆ ಸುಮಾರು ೩೫,೦೦೦ ಮಂದಿ ಸೋಮವಾರ ಕೆಲಸಕ್ಕೆ ಹೋಗಲು ಅಂಗಡಿ, ಕಚೇರಿಗಳಿಲ್ಲದೆ ನಿಂತರು. ಬಾಯಿಗಳು ಕೂಡಿದ್ದರೆ ಇಷ್ಟೂ ಉಳಿಯುತ್ತಿದ್ದಿತೆಂದು ಹೇಳುವುದು ಸತ್ಯಕ್ಕೆ ದೂರವಾದೀತು. ಗಾಳಿಯ ಪಾಲೂ ಅದರಲ್ಲಿ ಬಹಳವಿದ್ದಿತು. ಆದರೆ ಗಾಳಿಯನ್ನು ಮನುಷ್ಯನು ಮಾಡಲಿಲ್ಲ. ತಿರುಪನ್ನು ಮಾಡಿದವನು ಮನುಷ್ಯನೇ.

ಇದರಲ್ಲಿ ವಿಷಾದಕರವಾದ ಇನ್ನೊಂದು ಅಂಶವಿದೆ. ೧೮೭೨ರಲ್ಲಿ ಬಾಸ್ಟನ್ ನಗರವು ಸುಟ್ಟಾಗಲೂ ನಲ್ಲಿಗಳ ಬಾಯಿ ಹೊಂದದ ದೂರು ಕೇಳಿ ಬಂದಿದ್ದಿತು. ಮರುವರ್ಷ ಆ ದೇಶದ ಅಗ್ನಿಶಾಮಕ ಮುಖ್ಯಸ್ಥರು ತಮ್ಮ ಮೊದಲ ಸಮ್ಮೇಳನವನ್ನು ನೆರೆಯಿಸಿದಾಗ, ಕಪ್ಲಿಂಗುಗಳೆಲ್ಲ ಒಂದೇ ಅಳತೆಯವಾಗಬೇಕೆಂಬ ಮಾತು ಅಲ್ಲಿ ಬಂದಿತು. ಆ ಸಮ್ಮೇಳನ ನೆರೆದ ಊರು ಬಾಲ್ಟಿಮೋರೇ. ಮಾತು ಆಡಿದ ಊರಿನಲ್ಲಿಯೇ ಮೂವತ್ತೊಂದು ವರ್ಷ ಅದು ಮಾತಾಗಿಯೇ ಉಳಿಯಿತು.

ಬೆಂಕಿಯ ತರುವಾಯ ಅಳತೆ-ಮಾನಗಳಿಗಾಗಿ ೧೯೦೧ರಲ್ಲಿ ಸ್ಥಾಪಿತವಾಗಿದ್ದ ನ್ಯಾಷನಲ್ ಬ್ಯೂರೊ ಆಫ್ ಸ್ಟ್ಯಾಂಡರ್ಡ್ಸ್ ಎಂಬ ಸರ್ಕಾರದ ಸಂಸ್ಥೆಯು ಈ ವಿಷಯವನ್ನು ಕೈಗೆತ್ತಿಕೊಂಡಿತು. ಅದೇ ವರ್ಷ ಆ ಸಂಸ್ಥೆಯ ಆವರಣದಲ್ಲಿಯೇ ಒಂದು ಸಣ್ಣ ಬೆಂಕಿ ಬಿದ್ದಿತಂತೆ. ನೌಕರರು ಎರಡು ಕಟ್ಟಡಗಳಿಂದ ಕೊಳವೆಗಳನ್ನು ತಂದು ಕೂಡಿಸಲು ಹೋದರೆ, ಒಂದರ ತಿರುಪು ಇನ್ನೊಂದಕ್ಕೆ ಹತ್ತಲಿಲ್ಲವಂತೆ. ಅಳತೆಗಳ ಗುರುಕುಲದಲ್ಲಿಯೇ ಈ ಅವಸ್ಥೆ! ಸಂಸ್ಥೆಯವರು ದೇಶದ ನಾನಾ ಭಾಗಗಳ ಕಪ್ಲಿಂಗುಗಳನ್ನು ಸಂಗ್ರಹಿಸಿ ನೋಡಿದಾಗ, ಅವು ೬೦೦ಕ್ಕೂ ಹೆಚ್ಚು ಬಗೆಗಳಾದುವು. ೧೯೦೫ರಲ್ಲಿ ನ್ಯಾಷನಲ್ ಫೈರ್ ಪ್ರೊಟೆಕ್ಷನ್ ಅಸೋಸಿಯೇಷನ್ ಎಂಬ ಸಂಘವು ಎರಡೂವರೆ ಅಂಗುಲದ ಕೊಳವೆಗೆ ಅಂಗುಲಕ್ಕೆ ಏಳೂವರೆ ಸುತ್ತು ಎಂದು ರಾಷ್ಟ್ರೀಯ ಅಳತೆಯನ್ನು ಗೊತ್ತುಮಾಡಿತು. ಈ ಏಳೂವರೆಯಲ್ಲಿ ಒಂದು ಲೋಕಜ್ಞಾನವಿದೆ. ಏಳು ಸುತ್ತಿನವರೂ ಎಂಟು ಸುತ್ತಿನವರೂ ತಮ್ಮ ತಮ್ಮ ಪಕ್ಷವೇ ಸರಿಯೆಂದು ಹಠ ಹಿಡಿಯಬಹುದಾಗಿದ್ದ ಕಡೆ ಅವುಗಳ ನಡುವಣ ಅಳತೆಯನ್ನು ಇಟ್ಟುದರಿಂದ, ಬಳಕೆಯಲ್ಲಿದ್ದ ಹಳೆಯ ಬಾಯಿಗಳಲ್ಲಿ ಬಹುಪಾಲನ್ನು ಎಸೆಯದೆ, ತಕ್ಕ ಉಪಕರಣದಿಂದ ತಿದ್ದಿ ಹೊಂದಿಸಿಕೊಳ್ಳಲು ಅವಕಾಶವಾಯಿತು.

ತಿರುಪಿನ ಅಳತೆಯನ್ನು ಒಂದುಮಾಡುವುದು ಒಂದು ದಾರಿಯಾದರೆ, ತಿರುಪನ್ನೇ ಬಿಟ್ಟುಬಿಡುವುದು ಇನ್ನೊಂದು ದಾರಿ. ತಿರುಪಿನ ಕಪ್ಲಿಂಗಿನಲ್ಲಿ ಗಂಡು-ಹೆಣ್ಣಿನ ಭೇದವಿರುವುದರಿಂದ, ಅವಸರದಲ್ಲಿ ಕೊಳವೆಯನ್ನು ಹಿಂದುಮುಂದಾಗಿ ಹಾಸಿದರೆ ಗಂಡಿನ ಎದುರಿಗೆ ಗಂಡೇ ಬಂದು ನಿಲ್ಲುತ್ತದೆ. ಹಾಸಿದ್ದನ್ನು ಸುತ್ತಿ ಮತ್ತೆ ಹಾಸಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಗೀಡೊ ಶ್ಟೋರ್ಟ್ಸ್ ಎಂಬ ಎಂಜಿನಿಯರನು ಈ ಭೇದವನ್ನೇ ತೆಗೆದುಹಾಕಿದನು. ಆತನ ಕಪ್ಲಿಂಗಿನ ಎರಡು ಬಾಯಿಗಳೂ ಒಂದೇ ರೂಪದವು. ಒಂದೊಂದರಲ್ಲಿಯೂ ಕೊಕ್ಕೆಗಳೂ ಇವೆ, ಆ ಕೊಕ್ಕೆಗಳು ಸೇರುವ ಗಾಡಿಗಳೂ ಇವೆ. ಎದುರುಬದುರು ಇಟ್ಟು ಒತ್ತಿ ಸ್ವಲ್ಪ ತಿರುಗಿಸಿದರೆ ಸಾಕು. ಜರ್ಮನಿಯ ಅಗ್ನಿಶಾಮಕ ದಳಗಳಲ್ಲಿ ಇಂದಿಗೂ ಇದೇ ರೂಢಿ. ರೈಲಿನ ಬ್ರೇಕಿಗೆ ಗಾಳಿಯನ್ನು ಹಾಯಿಸುವ ಕೊಳವೆಯಲ್ಲಿಯೂ ಇದೇ ಯುಕ್ತಿಯುಂಟು. ಗಾಡಿಯನ್ನು ಯಾವ ಮುಖವಾಗಿ ತಿರುಗಿಸಿ ಜೋಡಿಸಿದರೂ ಬಾಯಿ ಬಾಯಿಗೆ ಹೊಂದಬೇಕು. ೧೮೬೯ರಲ್ಲಿ ಗಾಳಿಯ ಬ್ರೇಕಿಗೆ ಹಕ್ಕುಪತ್ರ ಪಡೆದ ಜಾರ್ಜ್ ವೆಸ್ಟಿಂಗ್‌ಹೌಸನ ಪದ್ಧತಿಯಲ್ಲಿ ಎರಡು ಕೈಗಳು ಒಂದನ್ನೊಂದು ಹಿಡಿದುಕೊಂಡಂತೆ ಕಾಣುವ ಕಪ್ಲಿಂಗು ಬಳಕೆಗೆ ಬಂದಿತು. ಗಾಡಿಗಳು ಅಕಸ್ಮಾತ್ತಾಗಿ ಕಳಚಿಕೊಂಡರೆ ಈ ಕೈಗಳು ಮುರಿಯದೆ ತಾವಾಗಿ ಬಿಡುತ್ತವೆ. ಗಾಳಿ ಹೊರಬಿದ್ದು ಎರಡು ಭಾಗಗಳಲ್ಲಿಯೂ ಬ್ರೇಕು ಬಿಗಿಯುತ್ತದೆ. ಹಿಡಿಯುವುದನ್ನು ಕಲಿಸುವುದು ಸುಲಭ. ಯಾವಾಗ ಬಿಡಬೇಕೆಂಬುದನ್ನು ಲೋಹಕ್ಕೆ ಕಲಿಸಿದ್ದು ಹೆಚ್ಚಿನ ಜಾಣತನ.

ಬಿಡಬಾರದ ಕಡೆ ಬಿಟ್ಟರೆ ಏನಾಗುವುದೆಂಬುದನ್ನು ಕಲ್ಲಿನ ಗಣಿಗಳಲ್ಲಿ ದುಡಿದವರು ಬಲ್ಲರು. ಕೋಲಾರದ ಚಿನ್ನದ ಗಣಿಗಳಲ್ಲಿ, ೨೦೦೧ರಲ್ಲಿ ಅವು ಮುಚ್ಚುವವರೆಗೂ, ಬಂಡೆ ಕೊರೆಯುವ ಯಂತ್ರಗಳಿಗೆ ಶಕ್ತಿಯು ಒತ್ತಿ ತುಂಬಿದ ಗಾಳಿಯ ರೂಪದಲ್ಲಿ ಕೊಳವೆಗಳ ಮೂಲಕ ಹೋಗುತ್ತಿದ್ದಿತು. 

ನೀರಿನ ಕೊಳವೆ ಕಳಚಿದರೆ ಒತ್ತಡವು ಕೂಡಲೇ ಇಳಿಯುತ್ತದೆ. ಗಾಳಿಯದು ಹಾಗಲ್ಲ, ಕುಗ್ಗಿ ಕುಳಿತ ಗಾಳಿಯು ಹಿಗ್ಗುತ್ತ ಹಿಗ್ಗುತ್ತ ಕೊಳವೆಯ ತುದಿಯನ್ನು ಚಾಟಿಯಂತೆ ಬೀಸುತ್ತದೆ, ಆ ತುದಿಯಲ್ಲಿ ಕಬ್ಬಿಣದ ಬಾಯಿ ಇರುತ್ತದೆ. ಇಂತಹ ಗಾಳಿಗೊಳವೆಗಳಿಗಾಗಿ ಹುಲಿಯುಗುರಿನಂತಹ ಎರಡು ಕೊಕ್ಕೆಗಳ ಕಪ್ಲಿಂಗು ಲೋಕದಲ್ಲೆಲ್ಲ ಬಳಕೆಯಲ್ಲಿದೆ. ಅದರಲ್ಲಿಯೂ ಗಂಡುಹೆಣ್ಣಿಲ್ಲ, ಕಾಲಂಗುಲದ ಕೊಳವೆಯಿಂದ ಒಂದಂಗುಲದ ಕೊಳವೆಯವರೆಗೂ ಉಗುರಿನ ಅಳತೆ ಒಂದೇ. ಕೂಡಿಸಿದ ಮೇಲೆ ಒಂದು ತಂತಿಯ ಮೊಳೆಯನ್ನು ತೂರಿಸಿ ಭದ್ರಪಡಿಸಬೇಕು. ಆ ಕಾಸಿನ ತಂತಿಯನ್ನು ಉದಾಸೀನ ಮಾಡುವವರಿಗೆ ಗಾಳಿಯು ಕ್ಷಮೆ ತೋರುವುದಿಲ್ಲ.

ಇಂಗ್ಲೆಂಡಿನವರ ಮಾರ್ಗ ಮತ್ತೊಂದು. ಗಂಡುಹೆಣ್ಣುಗಳನ್ನು ಅವರು ಉಳಿಸಿಕೊಂಡರು; ಆದರೆ ತಿರುಗಿಸುವ ಕಷ್ಟವನ್ನು ತೆಗೆದರು. ಹೆಣ್ಣು ಬಾಯಿಯ ಪಕ್ಕದಲ್ಲಿ ಸ್ಪ್ರಿಂಗಿನ ಬಲವಿರುವ ಎರಡು ನಾಲಿಗೆಗಳಿರುತ್ತವೆ. ಗಂಡನ್ನು ನೇರವಾಗಿ ಒಳಕ್ಕೆ ನೂಕಿದರೆ ನಾಲಿಗೆಗಳು ಟಕ್ಕೆಂದು ಹಿಡಿದುಕೊಳ್ಳುತ್ತವೆ. ಕತ್ತಲೆಯಲ್ಲಿ, ಹೊಗೆಯಲ್ಲಿ, ಕೈಗವುಸು ಹಾಕಿಕೊಂಡವನಿಗೆ ಆ ಶಬ್ದವೇ ಸಾಕ್ಷಿ. ಎರಡನೆಯ ಮಹಾಯುದ್ಧದ ಬಾಂಬಿನ ದಾಳಿಗಳಲ್ಲಿ ಊರೂರಿನ ದಳಗಳ ಉಪಕರಣಗಳು ಒಂದಕ್ಕೊಂದು ಹೊಂದದ ಕಷ್ಟವನ್ನು ಅವರೂ ಉಂಡರು; ೧೯೪೧ರ ಆಗಸ್ಟಿನಲ್ಲಿ ಆ ದಳಗಳನ್ನೆಲ್ಲ ಸೇರಿಸಿ ಒಂದೇ ರಾಷ್ಟ್ರೀಯ ದಳವನ್ನು ಮಾಡಿದುದಕ್ಕೆ ಈ ಒಡಕೂ ಒಂದು ಕಾರಣ. ಭಾರತಕ್ಕೆ ಬಂದಿರುವುದು ಈ ಟಕ್ಕೆನ್ನುವ ಕಪ್ಲಿಂಗೇ. ಭಾರತೀಯ ಮಾನಕ ೯೦೩ ಎಂಬ ನಿಯಮದಲ್ಲಿ ಅದರ ಅಳತೆಗಳನ್ನು ಬರೆದಿಟ್ಟಿದ್ದಾರೆ. ಹಳೆಯ ಎರಡೂವರೆ ಅಂಗುಲವೇ ಅದರಲ್ಲಿ ೬೩ ಮಿಲಿಮೀಟರಾಗಿ ಉಳಿದಿದೆ. ಆ ನಿಯಮವನ್ನು ಅನುಸರಿಸಿ ಮಾಡಿದ ಕೊಳವೆಯಾದರೆ, ಧಾರವಾಡದ ಠಾಣೆಯದು ಬೆಳಗಾವಿಯ ಕೊಳವೆಗೂ, ಮಂಗಳೂರಿನದು ಕಾಸರಗೋಡಿನ ಕೊಳವೆಗೂ ಸೇರಲೇಬೇಕು. ಗಡಿಯ ವ್ಯಾಜ್ಯವನ್ನು ಹಿತ್ತಾಳೆಯ ಬಾಯಿ ಅರಿಯದು.

ಅಳತೆಯೊಂದು ಗೊತ್ತಾದ ಮಾತ್ರಕ್ಕೆ ಅಮೆರಿಕದ ಊರುಗಳೆಲ್ಲ ಅದನ್ನು ಒಪ್ಪಿಕೊಂಡುವೆಂದು ವಾಚಕರು ಭಾವಿಸಬಾರದು. ಅಲ್ಲಿ ಊರಿನ ನೀರು ಊರಿನ ಅಧಿಕಾರ. ಬದಲಾವಣೆಗೆ ತಗಲುವ ಹಣವೊಂದೇ ಅಡ್ಡಿಯಲ್ಲ. ಸಾವಿರಾರು ನಲ್ಲಿಗಳನ್ನು ಒಂದೇ ರಾತ್ರಿಯಲ್ಲಿ ಬದಲಾಯಿಸುವುದು ಅಸಾಧ್ಯ. ಅರ್ಧ ಬದಲಾದ ಊರಿನಲ್ಲಿ ಒಂದು ಬೀದಿಗೆ ಹತ್ತುವ ಕೊಳವೆ ಪಕ್ಕದ ಬೀದಿಗೆ ಹತ್ತುವುದಿಲ್ಲ. ಹೊರಗಿನವರೊಡನೆ ಹೊಂದಿಕೊಳ್ಳಲು ಹೋಗಿ ಮನೆಯವರೊಳಗೇ ಕಲಹವಾದಂತೆ. ಆದುದರಿಂದ ಅನೇಕ ನಗರಗಳು ಮುಂದೂಡಿದುವು. ಮುಂದೂಡುತ್ತ ಮುಂದೂಡುತ್ತ ಶತಮಾನವೇ ಕಳೆಯಿತು.

೧೯೯೧ನೆಯ ಅಕ್ಟೋಬರ್ ೨೦ರಂದು ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ನಗರದ ಬೆಟ್ಟಗಳ ಮೇಲಿನ ಬಡಾವಣೆಗಳಿಗೆ ಬೆಂಕಿ ಬಿದ್ದಿತು. ಬರದ ಕಾಲ, ಬಿಸಿಗಾಳಿ, ಇಕ್ಕಟ್ಟಾದ ಬೆಟ್ಟದ ರಸ್ತೆಗಳು. ನೆರೆಹೊರೆಯ ಊರುಗಳಿಂದ ಯಂತ್ರಗಳು ಧಾವಿಸಿ ಬಂದುವು. ಅವುಗಳ ಕೊಳವೆಗಳು ರಾಷ್ಟ್ರೀಯ ಅಳತೆಯಾದ ಎರಡೂವರೆ ಅಂಗುಲದವು; ಓಕ್‌ಲ್ಯಾಂಡಿನ ನಲ್ಲಿಗಳ ಬಾಯಿ ಮೂರಂಗುಲದ್ದು. ಎರಡರ ನಡುವೆ ಹಾಕುವ ಅಡಾಪ್ಟರುಗಳನ್ನು ಹುಡುಕಿ, ಹಂಚಿ, ಜೋಡಿಸುವಷ್ಟರಲ್ಲಿ ಬೆಂಕಿಯು ಕಾಯುತ್ತ ನಿಲ್ಲಲಿಲ್ಲ. ಇಪ್ಪತ್ತೈದು ಮಂದಿ ಸತ್ತರು. ಮೂರು ಸಾವಿರಕ್ಕೂ ಹೆಚ್ಚು ವಾಸಸ್ಥಾನಗಳು ಸುಟ್ಟುವು. ಇಲ್ಲಿಯೂ ಗಾಳಿಯ ಪಾಲು, ನೀರಿನ ಕೊರತೆಯ ಪಾಲು, ರಸ್ತೆಗಳ ಪಾಲು ಉಂಟು. ಆದರೆ ೧೯೦೪ರಲ್ಲಿ ಕಲಿತ ಪಾಠವನ್ನು ಎಂಬತ್ತೇಳು ವರ್ಷಗಳ ಮೇಲೆ ಅದೇ ದೇಶವು ಮೊದಲ ಪುಟದಿಂದ ಓದಬೇಕಾಯಿತು. ಬಾಲ್ಟಿಮೋರಿನ ಬೆಂಕಿಗೆ ನೂರು ವರ್ಷ ತುಂಬಿದ ೨೦೦೪ರಲ್ಲಿ, ಆ ಅಳತೆ-ಮಾನಗಳ ಸಂಸ್ಥೆಯ ಉತ್ತರಾಧಿಕಾರಿಯಾದ ಸಂಸ್ಥೆಯು ಆ ದೇಶದ ದೊಡ್ಡ ನಗರಗಳನ್ನು ವಿಚಾರಿಸಿ ನೋಡಿತು. ನಲವತ್ತೆಂಟು ನಗರಗಳಲ್ಲಿ ರಾಷ್ಟ್ರೀಯ ಅಳತೆಯ ನಲ್ಲಿಗಳಿದ್ದುವು ಹದಿನೆಂಟರಲ್ಲಿ. ಉಳಿದ ನಗರಗಳಿಗೆ ನೆರವಿಗೆ ಹೋಗುವವರು ಕೊಳವೆಯ ಜೊತೆಗೆ ಅಡಾಪ್ಟರುಗಳನ್ನೂ ಹೊತ್ತುಕೊಂಡು ಹೋಗಬೇಕು.